ಬಿಡುವು ಯಾರ ಪಾಲಿಗೆ?

ಎರಡು ಮೂರು ಸ್ನೇಹಿತ ಕುಟುಂಬಗಳು ಎಳೆಯ ಮಕ್ಕಳನ್ನು ಕರೆದುಕೊಂಡು ಉಷ್ಣವಲಯದ ಕಡಲತೀರದ ರೆಸಾರ್ಟಿನಲ್ಲಿ ಕೆಲವು ದಿನ ಕಳೆಯುವುದು ಮಧ್ಯಮವರ್ಗದ ಬದುಕಿನಲ್ಲಿ ಈಗ ಬೇರೂರಿದ ರೂಢಿ. ಹೊರಡುವವರೆಲ್ಲ ಬಯಸುವುದು ವಿಶ್ರಾಂತಿಯನ್ನು. ಆದರೆ ವಿಶ್ರಾಂತಿ ಎಂದರೆ ಏನು, ಅದು ಬರೀ ಕೆಲಸವಿಲ್ಲದ ಸ್ಥಿತಿಯೇ, ಒಬ್ಬರು ವಿಶ್ರಮಿಸಲು ಇನ್ನೊಬ್ಬರು ದುಡಿಯಲೇಬೇಕೇ ಎಂಬ ಪ್ರಶ್ನೆಗಳು ಈ ರೂಢಿಗಿಂತ ಬಹಳ ಹಳೆಯವು. ಧರ್ಮಗ್ರಂಥಗಳೂ ದಾರ್ಶನಿಕರೂ ಇವನ್ನು ಗಂಭೀರವಾಗಿಯೇ ಕೈಗೆತ್ತಿಕೊಂಡಿದ್ದಾರೆ. ಇವುಗಳ ವಿಚಾರಕ್ಕೆ ಇಂಡೋನೇಷ್ಯದ ಬಾಲಿ ದ್ವೀಪದಷ್ಟು ತಕ್ಕ ನೆಲ ಇನ್ನೊಂದಿಲ್ಲ. ಲೋಕದ ನಾನಾ ಕಡೆಯ ಕುಟುಂಬಗಳು ರಜೆಗೆಂದು ಬರುವುದೂ ಅಲ್ಲಿಗೇ. ವರ್ಷಕ್ಕೊಂದು ದಿನ ಇಡೀ ದ್ವೀಪ ಎಲ್ಲ ಕೆಲಸ ನಿಲ್ಲಿಸಿ ವ್ರತ ಹಿಡಿಯುವುದೂ ಅಲ್ಲಿಯೇ.

ಬಾಲಿಯ ಬಹುಪಾಲು ಜನ ಹಿಂದೂಗಳು. ಅಲ್ಲಿನ ಮೊದಲ ಭಾರಿ ಹೋಟೆಲು ಸನೂರ್ ಕಡಲತೀರದಲ್ಲಿ 1966ರಲ್ಲಿ, ಜಪಾನ್ ಕೊಟ್ಟ ಯುದ್ಧಪರಿಹಾರದ ಹಣದಿಂದ ಎದ್ದಿತು. ಹತ್ತು ಅಂತಸ್ತಿನ ಆ ಕಟ್ಟಡ ಊರಿನವರ ಕಣ್ಣಿಗೆ ಒಗ್ಗಲಿಲ್ಲ. ಮುಂದೆ ಯಾವ ಕಟ್ಟಡವೂ ತೆಂಗಿನ ಮರದ ಎತ್ತರವನ್ನು, ಅಂದರೆ ಸುಮಾರು 15 ಮೀಟರನ್ನು, ಮೀರಬಾರದೆಂಬ ನಿಯಮ ಬಂತು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ನೂಸಾ ದುವಾ ಎಂಬಲ್ಲಿ ರೆಸಾರ್ಟುಗಳಿಗೇ ಮೀಸಲಾದ ಪ್ರದೇಶವನ್ನು ರೂಪಿಸಲಾಯಿತು. ಆಯ್ದುಕೊಂಡದ್ದು ದಕ್ಷಿಣ ತುದಿಯ ಒಣನೆಲ. ಪ್ರವಾಸಿಗಳು ಒಂದು ಕಡೆ ನೆಲೆಸಿದರೆ ಹಳ್ಳಿಗಳ ಬದುಕಿಗೂ ಪೂಜೆ ಪುನಸ್ಕಾರಗಳಿಗೂ ಭಂಗ ಬರುವುದಿಲ್ಲ ಎಂಬುದು ಯೋಜಕರ ಎಣಿಕೆಯಾಗಿತ್ತು. ಸದುದ್ದೇಶದ ಈ ಎಣಿಕೆಯ ಹಿಂದೆ ಒಂದು ನಂಬಿಕೆ ಅಡಗಿದೆ: ಅತಿಥಿಯ ಬಿಡುವನ್ನೂ ಊರಿನವರ ದುಡಿಮೆಯನ್ನೂ ಗೆರೆ ಎಳೆದು ಬೇರೆ ಇಡಬಹುದು ಎಂಬುದು. ರೆಸಾರ್ಟ್ ಎಂಬ ಇಡೀ ವ್ಯವಸ್ಥೆ ನಿಂತಿರುವುದು ಆ ನಂಬಿಕೆಯ ಮೇಲೆ.

ಎಳೆಯ ಮಕ್ಕಳು ಜೊತೆಗಿದ್ದರೆ ಈ ಗೆರೆ ಮೊದಲ ದಿನವೇ ಅಳಿಸಿಹೋಗುತ್ತದೆ. ಒಂದೂವರೆ ವರ್ಷದ ಕೂಸಿಗೆ ರಜೆ ಎಂಬುದು ತಿಳಿಯದು. ಹಸಿವು, ನಿದ್ದೆ, ಹಟ, ಅಳು ಎಲ್ಲ ಮನೆಯ ವೇಳೆಯಂತೆಯೇ ಬರುತ್ತವೆ. ಹೊಸ ಜಾಗವಾದ್ದರಿಂದ ತುಸು ಹೆಚ್ಚಾಗಿಯೇ ಬರುತ್ತವೆ. ಈಜುಕೊಳ ಹತ್ತಿರವಿದ್ದಷ್ಟೂ ಕಣ್ಣು ಕೀಳದೆ ಕಾಯಬೇಕು. ಅಡುಗೆ, ಪಾತ್ರೆ, ಕಚೇರಿ ತಪ್ಪಿರಬಹುದು, ಆದರೆ ಮಗುವಿನ ಆರೈಕೆ ತಪ್ಪುವುದಿಲ್ಲ, ಅದರ ಹೆಚ್ಚಿನ ಹೊರೆ ತಾಯಿಯ ಮೇಲೆಯೇ ಉಳಿಯುತ್ತದೆ. ಕರ್ಮ ಮಾಡದೆ ಯಾರೂ ಒಂದು ಕ್ಷಣವೂ ಇರಲಾರರು ಎಂದು ಭಗವದ್ಗೀತೆಯ ಮೂರನೆಯ ಅಧ್ಯಾಯ ಹೇಳುತ್ತದೆ. ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣುವವನೇ ವಿವೇಕಿ ಎಂದು ನಾಲ್ಕನೆಯದು. ಇದನ್ನು ಒಪ್ಪಿದರೆ, ವಿಶ್ರಾಂತಿಯನ್ನು ಮಾಡದೆ ಬಿಟ್ಟ ಕೆಲಸಗಳ ಪಟ್ಟಿಯಿಂದ ಅಳೆಯುವುದು ಸಾಧ್ಯವಿಲ್ಲ. ಮೂರು ದಿನ ಮಲಗಿಯೇ ಇದ್ದವನ ಮನಸ್ಸು ಲೆಕ್ಕಾಚಾರದಲ್ಲಿ ತೊಡಗಿರಬಹುದು. ಮಗುವನ್ನು ಹೆಗಲಿಗೆ ಹಾಕಿಕೊಂಡು ತೂಗುತ್ತಿರುವವಳು ನಿರಾಳವಾಗಿರಲೂ ಬಹುದು. ಆದರೆ ಈ ಮಾತನ್ನು ನೆಪ ಮಾಡಿಕೊಂಡು ಆಕೆಯ ದಣಿವನ್ನು ಕಡೆಗಣಿಸುವುದು ಗೀತೆಗೆ ಬಗೆಯುವ ಅಪಚಾರ.

ಮಗು ಇಲ್ಲಿ ಇನ್ನೊಂದು ರೀತಿಯಲ್ಲಿಯೂ ಮುಖ್ಯ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬಾದರಾಯಣನು, ಏನೂ ಬೇಕಿಲ್ಲದ ಬ್ರಹ್ಮ ಜಗತ್ತನ್ನು ಏಕೆ ಸೃಷ್ಟಿಸಿತು ಎಂಬ ಆಕ್ಷೇಪಕ್ಕೆ ಉತ್ತರವಾಗಿ ಸೃಷ್ಟಿ ಕೇವಲ ಲೀಲೆ ಎನ್ನುತ್ತಾನೆ. ಭಾಷ್ಯದಲ್ಲಿ ಶಂಕರರು ಇದಕ್ಕೆ ಎರಡು ದೃಷ್ಟಾಂತ ಕೊಡುತ್ತಾರೆ. ಬಯಸಿದ್ದೆಲ್ಲ ದೊರೆತ ರಾಜನೊಬ್ಬ ಯಾವ ಪ್ರಯೋಜನವನ್ನೂ ನೆನೆಯದೆ ವಿಹಾರದಲ್ಲಿ ತೊಡಗುವುದು ಒಂದು. ಉಸಿರಾಟ ತನ್ನ ಸ್ವಭಾವದಿಂದಲೇ ನಡೆಯುವುದು ಇನ್ನೊಂದು. ಲೋಕದ ಲೀಲೆಗಳಲ್ಲಿ ಎಷ್ಟೋ ಸೂಕ್ಷ್ಮವಾದ ಪ್ರಯೋಜನವನ್ನು ಊಹಿಸಬಹುದು ಎಂದೂ ಅವರು ಸೇರಿಸುತ್ತಾರೆ. ರೆಸಾರ್ಟಿಗೆ ಬಂದ ಹಿರಿಯರ ವಿಹಾರ ಮೊದಲನೆಯ ದೃಷ್ಟಾಂತದ್ದು, ಶಂಕರರ ಎಚ್ಚರಿಕೆಗೂ ಒಳಪಟ್ಟದ್ದು: ಕೊಟ್ಟ ಹಣ ವಸೂಲಾಗಬೇಕು, ಫೋಟೊ ಚೆನ್ನಾಗಿ ಬರಬೇಕು, ಹಿಂತಿರುಗಿದ ಮೇಲೆ ಕೆಲಸಕ್ಕೆ ಹುರುಪು ಬರಬೇಕು. ಅಲೆ ಬಂದು ಅಳಿಸಿದ ಗುಂಡಿಯನ್ನೇ ಮತ್ತೆ ಮತ್ತೆ ತೋಡುವ ಮಗುವಿನ ಆಟದಲ್ಲಿ ಇವೊಂದೂ ಇಲ್ಲ. ಅದು ಉಸಿರಿನ ಹತ್ತಿರದ್ದು. ಬಾಲಿಯವರು ಶಿಶುವನ್ನು ದೈವಲೋಕದಿಂದ ಆಗತಾನೆ ಬಂದದ್ದೆಂದು ನಂಬಿ, ಸುಮಾರು 105 ದಿನ ಅದರ ಪಾದ ನೆಲಕ್ಕೆ ತಾಗದಂತೆ ಎತ್ತಿಕೊಂಡೇ ಇರುತ್ತಾರೆ. ಅನಂತರ ಶಾಸ್ತ್ರ ಮಾಡಿ ನೆಲ ಮುಟ್ಟಿಸುತ್ತಾರೆ. ಮಗುವಿನಲ್ಲಿ ಹಿರಿಯರು ಕಳೆದುಕೊಂಡ ಏನೋ ಇದೆ ಎಂಬ ಅರಿವು ಈ ಆಚರಣೆಯಲ್ಲಿಯೂ ಇದೆ.

ಬಿಡುವಿನ ಬಗ್ಗೆ ಪಶ್ಚಿಮದಲ್ಲಿ ಮೊದಮೊದಲು ಆಳವಾಗಿ ಚಿಂತಿಸಿದವರಲ್ಲಿ ಅರಿಸ್ಟಾಟಲ್ ಒಬ್ಬ. ಆಟ, ಮನರಂಜನೆಗಳು ದಣಿದವನಿಗೆ ಮದ್ದು ಮಾತ್ರ, ಮತ್ತೆ ದುಡಿಯಲು ಅಣಿಗೊಳಿಸುವಂಥವು. ನಿಜವಾದ ಬಿಡುವು ಅದಲ್ಲ, ದುಡಿಮೆ ಇರುವುದೇ ಅದಕ್ಕಾಗಿ ಎಂದು ಅವನು 'ಪಾಲಿಟಿಕ್ಸ್' ಗ್ರಂಥದಲ್ಲಿ ವಾದಿಸುತ್ತಾನೆ. ಇಂದಿನ ರಜೆಯ ಬಹುಭಾಗ ಮದ್ದಿನ ಜಾತಿಗೇ ಸೇರುತ್ತದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಆದರೆ ಅದೇ ಗ್ರಂಥದ ಮೊದಲ ಭಾಗದಲ್ಲಿ ಅವನು ಗುಲಾಮರನ್ನು ಜೀವವಿರುವ ಉಪಕರಣಗಳೆಂದು ಕರೆದು, ಮಗ್ಗದ ಲಾಳಿ ತಾನಾಗಿಯೇ ನೇಯುವಂತಿದ್ದರೆ ಒಡೆಯರಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಎನ್ನುತ್ತಾನೆ. ತತ್ತ್ವಚಿಂತನೆಗೆ ಬೇಕಾದ ಉನ್ನತ ಬಿಡುವು ಬೇರೆಯವರ ಬೆನ್ನಿನ ಮೇಲೆ ನಿಂತಿದೆ ಎಂಬುದು ಅವನಿಗೆ ತಿಳಿದಿತ್ತು. ಅದು ಅವನನ್ನು ಕಾಡಲಿಲ್ಲ. ರೆಸಾರ್ಟಿನ ಸಿಬ್ಬಂದಿ ಸಂಬಳಕ್ಕೆ ದುಡಿಯುವ ಸ್ವತಂತ್ರರು, ಗುಲಾಮರಲ್ಲ. ಆದರೂ ಹಾಸಿಗೆ ಹಾಸುವವರ, ನಸುಕಿಗೇ ಎದ್ದು ಉಪಾಹಾರ ಅಣಿಮಾಡುವವರ ಬಿಡುವು ಯಾವಾಗ ಎಂಬ ಪ್ರಶ್ನೆ ಅರಿಸ್ಟಾಟಲನ ವಾದದಿಂದಲೇ ಏಳುತ್ತದೆ, ಮತ್ತು ಅವನಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ.

ಉತ್ತರದ ಮೊದಲ ಎಳೆ ಇರುವುದು ಯಹೂದಿಗಳ ಸಬ್ಬತ್ತಿನಲ್ಲಿ. ಏಳನೆಯ ದಿನ ಕೆಲಸ ಮಾಡಬಾರದೆಂಬ ಆಜ್ಞೆ ಮನೆಯ ಯಜಮಾನನಿಗಷ್ಟೇ ಅಲ್ಲ. ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರೊಳಗಿನ ಪರದೇಶಿ ಎಲ್ಲರಿಗೂ ಅನ್ವಯಿಸುತ್ತದೆ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಕೊಟ್ಟ ಕಾರಣವಂತೂ ಮನಮುಟ್ಟುವಂಥದ್ದು: ಈಜಿಪ್ಟಿನಲ್ಲಿ ನೀವೂ ದಾಸರಾಗಿದ್ದಿರಿ, ಆದ್ದರಿಂದ ನಿಮ್ಮಂತೆ ನಿಮ್ಮ ಆಳುಗಳೂ ವಿಶ್ರಮಿಸಲಿ. ಯಾಜಕಕಾಂಡ ಏಳನೆಯ ವರ್ಷ ಹೊಲಕ್ಕೂ ಬಿಡುವು ಕೊಡುತ್ತದೆ. ಕರ್ನಾಟಕದಲ್ಲಿ ಇಂಥ ಭಾವನೆಗೆ ದೂರ ಹೋಗಬೇಕಿಲ್ಲ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತುಗಳಿಗೆ ನೊಗ ಹೂಡುವುದಿಲ್ಲ. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿತಾಯಿ ಋತುಮತಿಯಾಗಿರುತ್ತಾಳೆಂದು ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಇಲ್ಲೆಲ್ಲ ಬಿಡುವು ಗಳಿಸಿದವನಿಗೆ ಸಿಗುವ ಸಂಭಾವನೆಯಲ್ಲ. ಮಾತು ಬಾರದ ದನಕ್ಕೂ ಮಣ್ಣಿಗೂ ಸಲ್ಲಬೇಕಾದ ಹಕ್ಕು.

ಬಾಲಿಯ ನ್ಯೆಪಿ ಇದೇ ಭಾವನೆಯ ಅತ್ಯಂತ ವ್ಯಾಪಕ ರೂಪ. ಅದು ಶಕವರ್ಷದ ಮೊದಲ ದಿನ. ಕನ್ನಡಿಗರ ಚಾಂದ್ರಮಾನ ಯುಗಾದಿಯ ಶಕೆಯೂ ಅದೇ. 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದವು, ಆದರೆ ಅಧಿಕಮಾಸದ ಲೆಕ್ಕ ಬೇರೆಯಾದ್ದರಿಂದ ಕೆಲವು ವರ್ಷ ಒಂದು ತಿಂಗಳ ಅಂತರ ಬೀಳುತ್ತದೆ. ನ್ಯೆಪಿಗೆ ಮುಂಚಿನ ದಿನಗಳಲ್ಲಿ ದೇವತಾಮೂರ್ತಿಗಳನ್ನು ಕಡಲಿಗೆ ಕೊಂಡೊಯ್ದು ಶುದ್ಧಿ ಮಾಡುತ್ತಾರೆ. ಮುನ್ನಾದಿನ ಭೂತಗಳಿಗೆ ಬಲಿ ಕೊಟ್ಟು, ಸಂಜೆ ಓಗೊ-ಓಗೊ ಎಂಬ ವಿಕಾರರೂಪದ ದೊಡ್ಡ ಬೊಂಬೆಗಳನ್ನು ಗದ್ದಲದೊಂದಿಗೆ ಮೆರೆಸುತ್ತಾರೆ. ಮರುದಿನ ಬೆಳಗಿನ ಆರರಿಂದ ಇಪ್ಪತ್ತನಾಲ್ಕು ಗಂಟೆ ನಾಲ್ಕು ವ್ರತಗಳು: ಬೆಂಕಿ ಬೆಳಕು ಇಲ್ಲ, ಕೆಲಸವಿಲ್ಲ, ತಿರುಗಾಟವಿಲ್ಲ, ಮನರಂಜನೆ ಇಲ್ಲ. ವಿಮಾನ ನಿಲ್ದಾಣ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್‌ನೆಟ್ ಸೇವೆಯನ್ನೂ ನಿಲ್ಲಿಸುತ್ತಾರೆ. ಪೆಚಾಲಂಗ್ ಎಂಬ ಊರಿನ ಕಾವಲುಗಾರರು ಮಾತ್ರ ಬೀದಿಯಲ್ಲಿ ಕಾಣುತ್ತಾರೆ. ಹೆರಿಗೆ, ಕಾಯಿಲೆಯಂಥ ತುರ್ತಿಗೆ ವಿನಾಯಿತಿ ಉಂಟು.

ರೆಸಾರ್ಟಿನಲ್ಲಿರುವ ಕುಟುಂಬಗಳಿಗೆ ಅಂದು ಹೊರಗೆ ಕಾಲಿಡುವಂತಿಲ್ಲ, ಕಡಲತೀರಕ್ಕೂ ಇಳಿಯುವಂತಿಲ್ಲ. ರಾತ್ರಿ ಪರದೆ ಎಳೆದು ದೀಪ ತಗ್ಗಿಸಬೇಕು. ಪ್ರವಾಸಿ ಕೊಂಡ ಬಿಡುವು ಮತ್ತು ದ್ವೀಪ ಆಚರಿಸುವ ಬಿಡುವು ಇಲ್ಲಿ ಮುಖಾಮುಖಿಯಾಗುತ್ತವೆ, ಮತ್ತು ಎರಡರ ನಡುವಿನ ವ್ಯತ್ಯಾಸ ತೋರುತ್ತದೆ. ಕೊಂಡ ಬಿಡುವು ಆಯ್ಕೆಗಳನ್ನು ಹೆಚ್ಚಿಸುತ್ತದೆ: ಈಜು, ದೋಣಿ, ಮಸಾಜು, ಬಫೆ. ವ್ರತದ ಬಿಡುವು ಆಯ್ಕೆಗಳನ್ನು ತೆಗೆದುಹಾಕುತ್ತದೆ. ಆಯ್ಕೆ ಇದ್ದಷ್ಟು ಹೊತ್ತು ಮುಂದೇನು ಎಂಬ ಯೋಚನೆ ತಪ್ಪುವುದಿಲ್ಲ. ಗುಂಪಿನಲ್ಲಿ ಮೂರು ಕುಟುಂಬಗಳಿದ್ದರೆ ಅದು ಚರ್ಚೆಯಾಗಿ, ಕೆಲವೊಮ್ಮೆ ಮನಸ್ತಾಪವಾಗಿ ಬೆಳೆಯುತ್ತದೆ.

ಬಿಡುವು ಒಬ್ಬೊಬ್ಬರಾಗಿ ಪಡೆಯುವಂಥದ್ದಲ್ಲ, ಕೂಡಿ ಪಡೆಯುವಂಥದ್ದು ಎಂಬುದಕ್ಕೆ ಬಾಲಿಯ ಗದ್ದೆಗಳಲ್ಲಿಯೇ ಪ್ರಬಲವಾದ ಸಾಕ್ಷ್ಯವಿದೆ. ಅಲ್ಲಿ ನೀರಾವರಿಯನ್ನು ನಡೆಸುವುದು ಸುಬಕ್ ಎಂಬ ರೈತರ ಸಂಘಗಳು. ಜಲದೇಗುಲಗಳ ಮೂಲಕ ಅವು ಯಾವಾಗ ನೀರು ಬಿಡಬೇಕು, ಯಾವಾಗ ಗದ್ದೆಗಳನ್ನು ಬೀಳು ಬಿಡಬೇಕು ಎಂಬುದನ್ನು ಒಟ್ಟಾಗಿ ತೀರ್ಮಾನಿಸುತ್ತವೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಈ ಕ್ರಮವನ್ನು ಬದಿಗೊತ್ತಿ, ಆದಷ್ಟು ಹೆಚ್ಚು ಬೆಳೆ ತೆಗೆಯುವಂತೆ ರೈತರಿಗೆ ಒತ್ತಾಯ ಮಾಡಿದರು. ಕೆಲವೇ ವರ್ಷಗಳಲ್ಲಿ ನೀರಿನ ಹಂಚಿಕೆ ಕೆಟ್ಟಿತು, ಜಿಗಿಹುಳುವಿನ ಹಾವಳಿ ಮಿತಿಮೀರಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್, ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆಗೂಡಿ ಕಂಪ್ಯೂಟರ್ ಮಾದರಿಯಿಂದ ಇದರ ಕಾರಣವನ್ನು ತೋರಿಸಿದರು. ಒಂದೇ ಗದ್ದೆ ಬೀಳು ಬಿದ್ದರೆ ಹುಳು ಪಕ್ಕದ ಗದ್ದೆಗೆ ಹೋಗುತ್ತದೆ. ಸುತ್ತಲಿನ ಗದ್ದೆಗಳೆಲ್ಲ ಏಕಕಾಲಕ್ಕೆ ಬೀಳು ಬಿದ್ದಾಗ ಮಾತ್ರ ಅದಕ್ಕೆ ಆಹಾರವಿಲ್ಲದಂತಾಗುತ್ತದೆ. ಇಡೀ ಪ್ರದೇಶ ಒಂದೇ ವೇಳಾಪಟ್ಟಿ ಹಿಡಿದರೆ ಎಲ್ಲರಿಗೂ ಒಮ್ಮೆಗೇ ನೀರು ಬೇಕಾಗಿ ಸಾಲದೆ ಹೋಗುತ್ತದೆ. ಎರಡಕ್ಕೂ ನಡುವಿನ ಹದವನ್ನು ಜಲದೇಗುಲಗಳು ಕಂಡುಕೊಂಡಿದ್ದವು. ಸುಬಕ್ ವ್ಯವಸ್ಥೆ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇನ್ನೊಂದೆಡೆ ದ್ವೀಪದ ದಕ್ಷಿಣದಲ್ಲಿ ಗದ್ದೆಗಳು ವಿಲ್ಲಾಗಳಾಗುತ್ತಿವೆ, ಈಜುಕೊಳಗಳಿಗೆ ಅಂತರ್ಜಲ ಹೋಗುತ್ತಿದೆ. ಪ್ರವಾಸಿಯ ಬಿಡುವಿಗೂ ಗದ್ದೆಯ ಬಿಡುವಿಗೂ ಬೇಕಿರುವ ನೀರು ಒಂದೇ.

ಇದೇ ನ್ಯಾಯ ಸ್ನೇಹಿತರ ಗುಂಪಿಗೂ ಸಲ್ಲುತ್ತದೆ. ಒಂದೇ ಕುಟುಂಬ ಹೋದರೆ ಇಬ್ಬರಲ್ಲಿ ಒಬ್ಬರಿಗೆ ಬಿಡುವು ಸಿಕ್ಕಿದಾಗ ಇನ್ನೊಬ್ಬರ ಹೊರೆ ಅಷ್ಟೇ ಹೆಚ್ಚುತ್ತದೆ. ಮೂರು ಕುಟುಂಬಗಳು ಸರದಿಯಲ್ಲಿ ಎಲ್ಲ ಮಕ್ಕಳನ್ನೂ ನೋಡಿಕೊಂಡರೆ ಆರು ಜನರಲ್ಲಿ ನಾಲ್ವರಾದರೂ ಒಮ್ಮೆಗೆ ನಿರಾಳವಾಗಿರಬಹುದು, ಕಾಯುವ ಇಬ್ಬರಿಗೂ ತಮ್ಮ ಸರದಿ ಮುಗಿಯುತ್ತದೆಂಬುದು ತಿಳಿದಿರುತ್ತದೆ. ಇದಕ್ಕೆ ಬೇಕಾದದ್ದು ಇನ್ನೊಬ್ಬರ ಮಗುವನ್ನು ತನ್ನದೆಂದು ಎಣಿಸುವ ನಂಬುಗೆ. ಸುಖವೇ ಬದುಕಿನ ಗುರಿ ಎಂದು ಬೋಧಿಸಿದ ಎಪಿಕ್ಯೂರಸ್ ಇಂಥ ನಂಬುಗೆಯ ಗೆಳೆತನಕ್ಕೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಕಟ್ಟಿದ. ಕ್ರಿ.ಪೂ. 4ನೆಯ ಶತಮಾನದ ಕೊನೆಯಲ್ಲಿ ಅಥೆನ್ಸಿನ ತನ್ನ ತೋಟದಲ್ಲಿ ಗೆಳೆಯರೊಡನೆ ನೆಲೆಸಿದ ಅವನು ಹೆಂಗಸರನ್ನೂ ಗುಲಾಮರನ್ನೂ ಆ ಬಳಗಕ್ಕೆ ಸೇರಿಸಿಕೊಂಡಿದ್ದ. ತನ್ನ ಮರಣಶಾಸನದಲ್ಲಿ ತೀರಿಹೋದ ಗೆಳೆಯ ಮೆಟ್ರೊಡೋರಸನ ಮಕ್ಕಳ ಪಾಲನೆಗೆ ವ್ಯವಸ್ಥೆ ಮಾಡಿದ್ದಾನೆ, ಕೆಲವು ಗುಲಾಮರನ್ನು ಬಿಡುಗಡೆಗೊಳಿಸಿದ್ದಾನೆ. ಸುಖದ ತತ್ತ್ವಜ್ಞಾನಿಯೊಬ್ಬ ಕೊನೆಗೆ ನೆನೆದದ್ದು ಗೆಳೆಯನ ಮಕ್ಕಳನ್ನೂ ತನಗಾಗಿ ದುಡಿದವರನ್ನೂ ಎಂಬುದು ಅವನ ಸಿದ್ಧಾಂತಕ್ಕಿಂತ ಹೆಚ್ಚನ್ನು ಹೇಳುತ್ತದೆ.

ನ್ಯೆಪಿಯ ವಿರುದ್ಧ ಎರಡು ಆಕ್ಷೇಪಗಳಿಗೆ ಎಡೆಯುಂಟು. ಒಂದು, ಕಡ್ಡಾಯವಾಗಿ ಹೇರಿದ ಮೌನ ವಿಶ್ರಾಂತಿ ಹೇಗಾದೀತು ಎಂಬುದು. ಸಬ್ಬತ್ತೂ ಆಜ್ಞೆಯೇ ಎಂಬುದನ್ನು ನೆನೆದರೆ ಇದರ ಬಲ ಕುಗ್ಗುತ್ತದೆ: ಬಿಡುವು ಐಚ್ಛಿಕವಾದಲ್ಲಿ ಅದನ್ನು ಮೊದಲು ಬಿಟ್ಟುಕೊಡಬೇಕಾಗುವುದು ಬಡವನೇ, ಅವನಿಗೆ ಬೇಡವೆನ್ನುವ ಶಕ್ತಿ ಇರುವುದಿಲ್ಲ. ಎರಡನೆಯದು ಹೆಚ್ಚು ತೂಕದ್ದು. ದ್ವೀಪವೆಲ್ಲ ಸ್ತಬ್ಧವಾದ ದಿನವೂ ರೆಸಾರ್ಟಿನ ಅತಿಥಿಗಳಿಗೆ ಊಟ ಬಡಿಸಲು ಒಂದಷ್ಟು ಸಿಬ್ಬಂದಿ ಒಳಗೇ ಉಳಿಯಬೇಕಾಗುತ್ತದೆ, ಸಂಚಾರವಿಲ್ಲದ್ದರಿಂದ ರಾತ್ರಿಯನ್ನೂ ಅಲ್ಲಿಯೇ ಕಳೆಯಬೇಕಾಗುತ್ತದೆ. ವ್ರತದ ವೃತ್ತ ಇಲ್ಲಿ ಪೂರ್ತಿಯಾಗುವುದಿಲ್ಲ, ಅತಿಥಿಗಳು ಇರುವಷ್ಟು ಕಾಲ ಪೂರ್ತಿಯಾಗುವಂತೆಯೂ ಕಾಣುವುದಿಲ್ಲ. ಈ ಕೊರತೆಯನ್ನು ಕಡಿಮೆ ಮಾಡುವುದು ಮಾತ್ರ ಅತಿಥಿಗಳ ಕೈಯಲ್ಲಿದೆ: ಅಂದಿನ ಊಟ ಸರಳವಾಗಿರಲಿ ಎಂದು ಒಪ್ಪಿಕೊಳ್ಳುವುದು, ಕೋಣೆ ಸ್ವಚ್ಛಗೊಳಿಸುವುದು ಬೇಡವೆನ್ನುವುದು, ಮಕ್ಕಳಿಗೆ ಕಾರಣ ತಿಳಿಸುವುದು. ಮರುದಿನ ಬಾಲಿಯವರು ನೆಂಟರಿಷ್ಟರ ಮನೆಗಳಿಗೆ ಹೋಗಿ ಕಳೆದ ವರ್ಷದ ತಪ್ಪುಗಳಿಗೆ ಪರಸ್ಪರ ಕ್ಷಮೆ ಕೇಳುತ್ತಾರೆ. ರೆಸಾರ್ಟಿನಲ್ಲಿ ಉಳಿದಿದ್ದ ಸಿಬ್ಬಂದಿಗೂ ಅಂದು ಮನೆಗೆ ಹೋಗಲು ರಜೆ ಸಿಕ್ಕಿದರೆ ಅತಿಥಿಗಳು ಅವರಿಗೆ ತೀರಿಸಬೇಕಾದ ಸಾಲದ ಒಂದು ಪಾಲಾದರೂ ತೀರುತ್ತದೆ.