ಯಾರಿಗಾಗಿ ಜೋಪಾನ?

ನಾಳೆ ಬೆಳಿಗ್ಗೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಹತ್ತಾರು ಚಕ್ರಗಳ ನಡುವೆ ನುಗ್ಗಬೇಕಾದ ಸೈಕಲ್ಲನ್ನು ಇವತ್ತು ಕಾರಿನಲ್ಲಿ ಕೂಸಿನಂತೆ ಹೊದಿಸಿ ಒಯ್ಯುತ್ತೇವೆ. ಗೀರು ಬೀಳಬಾರದು, ಏನೂ ತಾಗಬಾರದು, ಬಿಸಿಲು ಬಡಿಯಬಾರದು. ನಾಳೆ ಅದು ಡಾಂಬರಿನ ಮೇಲೆ ಬಿದ್ದು ಎರಡು ತುಂಡಾದರೂ ಆಗಬಹುದು. ಹಾಗಾದರೆ ಇವತ್ತಿನ ಈ ಜೋಪಾನ ಯಾತಕ್ಕೆ? ರಕ್ಷಿಸುವುದೆಂದರೆ ಅಪಾಯದಿಂದ ದೂರ ಇಡುವುದೇ ಆಗಿದ್ದರೆ, ರೇಸಿಂಗ್ ಸೈಕಲ್ಲನ್ನು ರಕ್ಷಿಸುವ ಸುಲಭದ ದಾರಿ ಅದನ್ನು ಮನೆಯಿಂದ ಹೊರಗೆ ತೆಗೆಯದೇ ಇರುವುದು.

ಇದು ನನಗೆ ಬರೀ ತರ್ಕದ ಪ್ರಶ್ನೆಯಲ್ಲ. ನಮ್ಮದು ವಿಜಯಪುರ. ಈ ಜಿಲ್ಲೆ ಮತ್ತು ಪಕ್ಕದ ಬಾಗಲಕೋಟೆ, ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳನ್ನು ಕೊಡುತ್ತ ಬಂದ ನೆಲ. ನನ್ನ ತಂಗಿಯೂ ಆ ದಾರಿ ಹಿಡಿದವಳು. ಬೆಂಗಳೂರಿನ ಹತ್ತಿರದ ಒಂದು ಸ್ಪರ್ಧೆಗೆ ಅವಳು ಜೊತೆಗಾರ್ತಿಯರ ಸಂಗಡ ರೈಲಿನಲ್ಲಿ ಮೊದಲೇ ಹೋದಳು. ಸೈಕಲ್ ಮಾತ್ರ ನನ್ನ ಪಾಲಿಗೆ ಬಂತು. ನಿಡಗುಂದಿ, ಇಳಕಲ್ಲು, ಹೊಸಪೇಟೆ, ಚಿತ್ರದುರ್ಗ ದಾಟಿ 500 ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಪ್ಪ ಹೊಟ್ಟೆ ಬಟ್ಟೆ ಕಟ್ಟಿ ಕೊಡಿಸಿದ ಸೈಕಲ್ ಅದು.

ಕಾರಿನೊಳಗೆ ಅದನ್ನು ಇಡುವುದು ಹೇಗೆಂದು ಹೋಗುವ ಮುನ್ನ ಅವಳೇ ಕಲಿಸಿದಳು. ಮುಂದಿನ ಚಕ್ರ ಬಿಚ್ಚಬೇಕು. ಫೋರ್ಕಿನ ಎರಡು ಕಾಲುಗಳು ಒಂದಕ್ಕೊಂದು ಒತ್ತಿಕೊಳ್ಳದಂತೆ ನಡುವೆ ಅಡ್ಡತುಂಡು ಕೂರಿಸಬೇಕು. ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ತೆಳು ಪ್ಲಾಸ್ಟಿಕ್ ತುಂಡು ಇಡಬೇಕು. ಇಲ್ಲದಿದ್ದರೆ ದಾರಿಯಲ್ಲಿ ಲಿವರ್ ಒತ್ತಿಹೋದಾಗ ಪ್ಯಾಡುಗಳು ಕೂಡಿಕೊಂಡು, ಆಮೇಲೆ ಚಕ್ರ ಒಳಗೆ ಹೋಗುವುದಿಲ್ಲ. ಮಲಗಿಸುವಾಗ ಚೈನು, ಗೇರು ಇರುವ ಬದಿ ಮೇಲಿರಬೇಕು. ನಾನು ಹಗ್ಗ ಹಿಡಿದದ್ದು ನೋಡಿ, 'ಅಣ್ಣಾ, ಭಾಳ ಬಿಗಿಬ್ಯಾಡ' ಅಂದಳು.

ಆ ಮಾತಿನಲ್ಲಿ ವಸ್ತುವಿನ ಸ್ವಭಾವದ ಅರಿವಿತ್ತು. ಕಾರ್ಬನ್ ಫೈಬರಿನ ಫ್ರೇಮು ಸವಾರಳ ಭಾರವನ್ನೂ ಪೆಡಲಿನ ಒತ್ತಡವನ್ನೂ ರಸ್ತೆಯ ಏಟನ್ನೂ ತಡೆಯುತ್ತದೆ. ಏಕೆಂದರೆ ಆ ಬಲಗಳು ಯಾವ ದಿಕ್ಕಿನಿಂದ ಬರುತ್ತವೆಂದು ಲೆಕ್ಕ ಹಾಕಿಯೇ ಅದರ ಎಳೆಗಳನ್ನು ಹಾಸಿರುತ್ತಾರೆ. ಅದೇ ಕೊಳವೆಯನ್ನು ಪಕ್ಕದಿಂದ ಬಿಗಿಯಾಗಿ ಹಿಚುಕಿದರೆ ಸೀಳಬಹುದು. ಭದ್ರ ಮಾಡುತ್ತೇನೆಂದು ಬಿಗಿಯುವವನೇ ಅದನ್ನು ಮುರಿಯಬಲ್ಲ. ಗಟ್ಟಿತನ ಎಂಬುದು ಎಲ್ಲ ದಿಕ್ಕಿಗೂ ಒಂದೇ ಅಲ್ಲ. ನಾವು ಕಾಯುವ ವಸ್ತುವಾಗಲಿ, ಮನುಷ್ಯರಾಗಲಿ, ಯಾವ ಕಡೆಯಿಂದ ಮೆತ್ತಗಿದ್ದಾರೆಂದು ತಿಳಿಯದ ಕಾಳಜಿ ಬರೀ ಬಲಪ್ರಯೋಗ.

ಒಪ್ಪಿಸಿದ ವಸ್ತುವಿನ ಬಗ್ಗೆ ನಮ್ಮ ಹಳೆಯ ಧರ್ಮಶಾಸ್ತ್ರಗಳೂ ತಲೆ ಕೆಡಿಸಿಕೊಂಡಿವೆ. ಮನುಸ್ಮೃತಿ ಎಣಿಸುವ 18 ವ್ಯವಹಾರಪದಗಳಲ್ಲಿ ಸಾಲದ ನಂತರ ಎರಡನೆಯದೇ ನಿಕ್ಷೇಪ, ಅಂದರೆ ನಂಬಿ ಇಟ್ಟ ಒಡವೆ. 1872ರ ಭಾರತೀಯ ಕರಾರು ಅಧಿನಿಯಮದ 151ನೇ ಕಲಂ ಹೇಳುವುದು ಇಷ್ಟು: ಸಾಮಾನ್ಯ ವಿವೇಕವುಳ್ಳವನು ಅಂಥದೇ ಸ್ಥಿತಿಯಲ್ಲಿ ಅಂಥದೇ ತನ್ನ ವಸ್ತುವನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುತ್ತಾನೋ ಅಷ್ಟು ಎಚ್ಚರ ಒಪ್ಪಿಸಿದ ವಸ್ತುವಿಗೂ ಸಲ್ಲಬೇಕು. ಒಳ್ಳೆಯ ಅಳತೆಗೋಲು. ಆದರೆ 'ತನ್ನದೆಂಬಂತೆ' ಎನ್ನುವಲ್ಲಿ ಒಂದು ಜಾರುವ ಮೆಟ್ಟಿಲಿದೆ. ತನ್ನದೆಂಬಂತೆ ನೋಡಿಕೊಳ್ಳುತ್ತ ನೋಡಿಕೊಳ್ಳುತ್ತ ಅದು ತನ್ನದೇ ಅನ್ನಿಸತೊಡಗುತ್ತದೆ. ಅದೇ ಕಾನೂನಿನ 148ನೇ ಕಲಂ ಅದಕ್ಕೊಂದು ತಡೆ ಹಾಕುತ್ತದೆ. ವಸ್ತುವನ್ನು ಒಪ್ಪಿಸುವುದು ಯಾವುದೋ ಒಂದು ಉದ್ದೇಶಕ್ಕಾಗಿ, ಆ ಉದ್ದೇಶ ಮುಗಿದ ಮೇಲೆ ಅದು ಮರಳಬೇಕು. ನನ್ನ ಕಾರಿನಲ್ಲಿದ್ದ ಸೈಕಲ್ಲಿನ ಉದ್ದೇಶ ಕ್ಷೇಮವಾಗಿರುವುದಲ್ಲ, ಓಡುವುದು.

ಮೊದಲ ಪ್ರಶ್ನೆಗೆ ಉತ್ತರ ನನಗೆ ಇಲ್ಲಿ ಕಾಣುತ್ತದೆ. ಸಾಗಣೆಯಲ್ಲಿ ಆಗುವ ಪೆಟ್ಟೂ ಸ್ಪರ್ಧೆಯಲ್ಲಿ ಆಗುವ ಪೆಟ್ಟೂ ಫ್ರೇಮಿಗೆ ಒಂದೇ ಇರಬಹುದು, ನೀತಿಗೆ ಒಂದೇ ಅಲ್ಲ. ಎರಡನೆಯದನ್ನು ಅವಳು ಬಲ್ಲಳು, ಅದಕ್ಕೆ ಒಪ್ಪಿ ಇಳಿದಿದ್ದಾಳೆ. ಮೊದಲನೆಯದನ್ನು ಅವಳು ಆರಿಸಿಕೊಂಡಿಲ್ಲ. ಜೋಪಾನ ಮಾಡುವವನ ಕೆಲಸ ಅಪಾಯವನ್ನು ಅಳಿಸುವುದಲ್ಲ. ಅಪಾಯವನ್ನು ಎದುರಿಸುವ ಅವಕಾಶ ಅದರ ಒಡತಿಯ ಕೈಗೆ ಇಡಿಯಾಗಿ ತಲುಪುವಂತೆ ನೋಡಿಕೊಳ್ಳುವುದು.

ಈ ಮಾತು ಸೈಕಲ್ಲಿಗೆ ಮಾತ್ರ ಅನ್ವಯಿಸಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮ ದೊಡ್ಡಮ್ಮ ಮನೆಗೆ ಬಂದಾಗಲೆಲ್ಲ ಕೇಳುತ್ತಾಳೆ: 'ಹುಡುಗಿ ಬಿದ್ದು ಮಾರಿ ಮೂಗು ಒಡಕೊಂಡ್ರ ಮುಂದ ಹೆಂಗ?' ಅದು ಪ್ರೀತಿಯಿಂದಲೇ ಬಂದ ಮಾತು. ಆದರೆ ಆ ಪ್ರೀತಿ ತಂಗಿಯನ್ನು ಯಾರಿಗೋ ಗೀರಿಲ್ಲದೆ ತಲುಪಿಸಬೇಕಾದ ನಿಕ್ಷೇಪ ಎಂದುಕೊಂಡಿದೆ. ಇಲ್ಲಿ ಒಡತಿಯೂ ಅವಳೇ, ಒಡವೆಯೂ ಅವಳೇ ಎಂಬುದು ಲೆಕ್ಕಕ್ಕೆ ಬಂದಿಲ್ಲ.

ದೊಡ್ಡಮ್ಮನ ಪರವಾಗಿ ಒಂದು ಆಕ್ಷೇಪ ಎತ್ತಬಹುದು. ಅವಳು ಬಿದ್ದರೆ ಆಸ್ಪತ್ರೆಗೆ ಓಡುವವರು ಮನೆಯವರೇ ತಾನೆ? ಅಪಾಯ ಅವಳೊಬ್ಬಳದೇ ಹೇಗಾದೀತು? ನಿಜ, ಆ ಭಯ ನಮ್ಮದು. ಭಯಪಡುವವರಿಗೂ ಒಂದಿಷ್ಟು ಹಕ್ಕಿದೆ. ಹೆಲ್ಮೆಟ್ ಸರಿಯಿದೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂದು ಕೇಳುವ ಹಕ್ಕು, ಬೇಸರವಾಗುವಷ್ಟು ಸಲ ಕೇಳುವ ಹಕ್ಕು. ಆದರೆ 'ಹೋಗಬೇಡ' ಎನ್ನುವುದು ಬೇರೆಯೇ ಜಾತಿಯ ಮಾತು. ಮೊದಲನೆಯದು ಹೋಗುವವಳ ಜೊತೆ ನಿಲ್ಲುತ್ತದೆ, ಎರಡನೆಯದು ಅವಳ ಎದುರು ನಿಲ್ಲುತ್ತದೆ.

ಇನ್ನೊಂದು ಹೊಣೆ ಉಳಿಯುತ್ತದೆ. ಕಾರ್ಬನ್ನಿನ ಪೆಟ್ಟು ಯಾವಾಗಲೂ ಕಣ್ಣಿಗೆ ಕಾಣುವುದಿಲ್ಲ. ಮೇಲಿನ ಬಣ್ಣ ನುಣ್ಣಗಿದ್ದು ಒಳಗಿನ ಪದರ ಬಿಟ್ಟಿರಬಹುದು. ಹಿರಿಯೂರು ದಾಟಿದ ಮೇಲೆ ಕುರಿಹಿಂಡು ಅಡ್ಡ ಬಂದು ಬ್ರೇಕ್ ಒತ್ತಿದಾಗ, ಹಿಂದಿದ್ದ ಚೀಲವೊಂದು ಸರಿದು ಸೈಕಲ್ಲಿಗೆ ಆತುಕೊಂಡಿತು. ಇಳಿದು ನೋಡಿದೆ, ಗುರುತೇನೂ ಇರಲಿಲ್ಲ. ಸ್ಪರ್ಧೆಯ ಹಿಂದಿನ ಸಂಜೆ ಅವಳ ತಲೆಗೆ ಇದನ್ನು ಯಾಕೆ ಹಾಕಬೇಕು ಎಂದು ಅಪ್ಪ ಕೇಳಿದರು. ಅಪ್ಪನದು ಕರುಣೆ. ಆದರೆ ತಿಳಿಯದ ಅಪಾಯವನ್ನು ಯಾರೂ ಆರಿಸಿಕೊಂಡಿರುವುದಿಲ್ಲ. ನಾವು ಮುಚ್ಚಿಟ್ಟರೆ, ಅವಳು ಧೈರ್ಯದಿಂದ ತೆಗೆದುಕೊಂಡ ನಿರ್ಧಾರದೊಳಗೆ ನಮ್ಮದೊಂದು ನಿರ್ಧಾರ ಕದ್ದು ಕೂರುತ್ತದೆ. ನಂಬಿ ಕೊಟ್ಟ ವಸ್ತುವನ್ನು ಹಿಂದಿರುಗಿಸುವಾಗ ದಾರಿಯಲ್ಲಿ ನಡೆದದ್ದನ್ನೂ ಜೊತೆಗೇ ಕೊಡಬೇಕು.

ಹೇಳಿದೆವು. ಅವಳು ಕೊಳವೆಯುದ್ದಕ್ಕೂ ನಾಣ್ಯದಿಂದ ತಟ್ಟುತ್ತ ಕಿವಿಗೊಟ್ಟಳು, ಎಲ್ಲಾದರೂ ಸದ್ದು ಮಂದವಾಗುತ್ತದೆಯೇ ಎಂದು. ಬೆಳಕು ಬಿಟ್ಟು ನೋಡಿದಳು. ಚಕ್ರ ಕೂರಿಸಿ ಮೂರು ಸುತ್ತು ಹೊಡೆದು ಬಂದು, 'ಸರಿ ಐತಿ' ಅಂದಳು. ಆ ಮಾತು ಹೇಳುವ ಅಧಿಕಾರ ಆ ಸಂಜೆ ನನಗಾಗಲಿ ಅಪ್ಪನಿಗಾಗಲಿ ಇರಲಿಲ್ಲ. ಅದು ಅವಳ ಕೈಯಲ್ಲೇ ಉಳಿಯುವಂತೆ ಕಾಯುವುದೇ ನಮ್ಮ ಕೆಲಸವಾಗಿತ್ತು.