ಪರದೆಯ ತಪ್ಪು ಯಾರದು?

ಲ್ಯಾಪ್‌ಟಾಪಿನ ಪರದೆ ಕೆಟ್ಟರೆ ನಾವು ಮೊದಲು ನಮ್ಮನ್ನೇ ವಿಚಾರಿಸಿಕೊಳ್ಳುತ್ತೇವೆ: ಜೋರಾಗಿ ಮುಚ್ಚಿದೆನೆ? ಬ್ಯಾಗಿನಲ್ಲಿ ಒತ್ತಿತೆ?

2016ರಲ್ಲಿ ಆಪಲ್ ಹೊರತಂದ ಮ್ಯಾಕ್‌ಬುಕ್ ಪ್ರೊ ಕೊಂಡ ಹಲವರಿಗೆ ಹೀಗೇ ಆಯಿತು. ಪರದೆಗೆ ಹೋಗುವ ತೆಳ್ಳನೆಯ ಕೇಬಲ್, ಮುಚ್ಚಳ ತೆರೆದು ಮುಚ್ಚಿದಂತೆಲ್ಲ ಸವೆಯುತ್ತಿತ್ತು. ಮೊದಲು ಪರದೆಯ ಬುಡದಲ್ಲಿ ರಂಗದೀಪಗಳಂಥ ಬೆಳಕಿನ ಪಟ್ಟೆಗಳು, ಕೊನೆಗೆ ಕತ್ತಲು. ಕೇಬಲ್ ಪರದೆಗೇ ಸೇರಿಕೊಂಡಿದ್ದರಿಂದ ಇಡೀ ಪರದೆಯನ್ನೇ ಬದಲಿಸಬೇಕಿತ್ತು. 2018ರ ಮಾದರಿಯಲ್ಲಿ ಆ ಕೇಬಲ್ ಮೊದಲಿಗಿಂತ 2 ಮಿಲಿಮೀಟರ್ ಹೆಚ್ಚು ಉದ್ದವಾಗಿರುವುದನ್ನು ದುರಸ್ತಿ ಸಂಸ್ಥೆ ಐಫಿಕ್ಸಿಟ್ 2019ರ ಆರಂಭದಲ್ಲಿ ತೋರಿಸಿತು. ಅದೇ ಮೇ ತಿಂಗಳಲ್ಲಿ ಆಪಲ್ 2016ರ 13 ಇಂಚಿನ ಯಂತ್ರಗಳಿಗೆ ಉಚಿತ ದುರಸ್ತಿ ಘೋಷಿಸಿತು. ತೊಂದರೆ ಇರುವುದು ಅತ್ಯಲ್ಪ ಪ್ರಮಾಣದಲ್ಲಿ ಎಂದಿತು.

ಶೇಕಡಾವಾರು ಲೆಕ್ಕ ತಯಾರಕರದು. ಕೊಂಡವರ ಬಳಿ ಇರುವುದು ಒಂದೇ ಯಂತ್ರ. ಅದು ಕೆಟ್ಟರೆ ಅವರ ಪಾಲಿಗೆ ಕೆಟ್ಟದ್ದು ನೂರಕ್ಕೆ ನೂರು. ಆದರೆ ಒಂದೇ ಯಂತ್ರವನ್ನು ಮುಂದಿಟ್ಟು ಇದು ತಯಾರಿಕೆಯ ದೋಷವೆಂದು ಸಾಧಿಸುವುದು ಕಷ್ಟ. ದೂರುಗಳೆಲ್ಲ ಹೋಗಿ ಸೇರುವುದು ತಯಾರಕರ ಬಳಿಗೆ. ಬಳಸುವವರು ಊಹಿಸಬಲ್ಲರು, ತಯಾರಿಸಿದವರು ಎಣಿಸಬಲ್ಲರು. ಹಾಗಿರುವಾಗ ಸಾಬೀತುಪಡಿಸುವ ಹೊರೆಯನ್ನು ಕಡಿಮೆ ತಿಳಿದವರ ಹೆಗಲಿಗೇ ಹಾಕುವುದು ನ್ಯಾಯವೆ?

ತಪ್ಪೇ ಆಗದಂತೆ ತಯಾರಿಸುವುದು ಯಾರಿಗೂ ಸಾಧ್ಯವಿಲ್ಲ. ನೀತಿಯ ಪ್ರಶ್ನೆ ಏಳುವುದು ತಪ್ಪು ತಿಳಿದ ಮೇಲೆ. ಮುಂದೆ ಕೊಳ್ಳುವವರಿಗಾಗಿ ತಿದ್ದಿ, ಆಗಲೇ ಕೊಂಡವರಿಗೆ ಹೇಳದೆ ಉಳಿದರೆ, ಅವರು ತಾವು ಮಾಡದ ತಪ್ಪಿಗೆ ದಂಡ ತೆರುತ್ತಾರೆ. ಜೊತೆಗೆ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ತೆತ್ತ ಹಣವನ್ನು ಆಮೇಲೆ ಹಿಂದಿರುಗಿಸಬಹುದು. ‘ತಪ್ಪು ನಿಮ್ಮದಲ್ಲ’ ಎಂಬ ಮಾತನ್ನು ಮಾತ್ರ, ತಿಳಿದ ದಿನವೇ ಹೇಳಬೇಕು.