ಉಳಿತಾಯ ಯಾರದು?

ಕೈಯಲ್ಲಿ ದುಡ್ಡು ಕಡಿಮೆಯಿರುವಾಗ ಮನೆಯ ದುರಸ್ತಿ ಎಲ್ಲಿಂದ ಆರಂಭವಾಗಬೇಕು? ನಮ್ಮ ಸೇಡಂ, ಚಿತ್ತಾಪುರದ ಕಡೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಬಂದವರು ಕೂರುವ ಪಡಸಾಲೆಯಿಂದ. ಅಲ್ಲಿ ಹೊಳೆಯುವ ಟೈಲ್ಸ್. ಅಡುಗೆಮನೆ, ಬಚ್ಚಲಿಗೆ ಹಳೆಯ ಪರಸಿಯೇ ಸಾಕು.

ಪರಸಿಯ ಮೇಲೆ ನನಗೇನೂ ಸಿಟ್ಟಿಲ್ಲ. ಶಹಾಬಾದ್ ಕಲ್ಲೆಂದು ಊರೂರಿಗೆ ಹೋಗುವ ಈ ಸುಣ್ಣಕಲ್ಲು ನಮ್ಮ ನೆಲದ್ದು. ವಾಡಿಯಲ್ಲಿ ಸಿಮೆಂಟಾಗುವುದೂ ಇದರ ಬಳಗವೇ. ಬಚ್ಚಲಿಗಂತೂ ನುಣುಪು ಟೈಲ್ಸಿಗಿಂತ ಒರಟು ಪರಸಿಯೇ ಲೇಸು, ಕಾಲು ಜಾರದು. ಅಡುಗೆಕಟ್ಟೆಗೆ ಮಾತ್ರ ಒಗ್ಗದು. ಹುಣಸೆರಸ, ನಿಂಬೆಹುಳಿ ಚೆಲ್ಲಿದಲ್ಲಿ ಸುಣ್ಣಕಲ್ಲು ಸವೆದು ಕಲೆಯಾಗುತ್ತದೆ. ಆಮ್ಲದ ಪಾಠ ಓದಿದ ಹುಡುಗರೂ ಇದನ್ನು ಹೇಳಿಯಾರು. ಕಟ್ಟೆಗಷ್ಟೇ ಗ್ರಾನೈಟ್ ಹಾಕಿಸಿದರಾಯಿತು.

ನನ್ನ ತಕರಾರಿರುವುದು "ಸಾಕು" ಎಂಬ ಮಾತಿನ ಬಗ್ಗೆ. ಹಿತಮಿತ ಒಳ್ಳೆಯ ಗುಣ, ಒಪ್ಪಿದೆ. ಆದರೆ ಖರ್ಚಿನ ಪಟ್ಟಿಯಲ್ಲಿ ಹೊಡೆದುಹಾಕುವ ಬಾಬತ್ತು ಪ್ರತಿಸಲವೂ ಮನೆಯ ಹೆಂಗಸರದೇ ಆದರೆ ಅದನ್ನು ಮಿತವ್ಯಯವೆನ್ನಬಹುದೇ? ನಮ್ಮತ್ತೆಗೆ ಎಪ್ಪತ್ತೆಂಟು. ಬಚ್ಚಲಲ್ಲಿ ಹಿಡಿದೇಳಲು ಗೋಡೆಗೊಂದು ಸ್ಟೀಲ್ ಪೈಪು ಹಾಕಿಸೋಣವೆಂದರೆ, "ನನಗ್ಯಾಕ ಬೇಕವ್ವಾ, ಇನ್ನೆಷ್ಟು ದಿನ ಇರ್ತೀನಿ" ಎಂದರು. ಅದನ್ನು ತ್ಯಾಗವೆಂದು ಮೆಚ್ಚಿಕೊಂಡು ಸುಮ್ಮನಾಗುವುದು ಉಳಿದವರಿಗೆ ಬಹಳ ಅನುಕೂಲ. ಕೇಳಲು ಸಂಕೋಚಪಡುವವರು ಕೇಳಲಿಲ್ಲವೆಂಬುದು ಕೊಡದಿರಲು ಕಾರಣವಾದೀತೇ?

ಪಡಸಾಲೆ ಬರುವ ವರ್ಷ ನೋಡೋಣ ಎಂದು ಗೌಂಡಿಗೆ ಹೇಳಿದೆ. ಮೊದಲು ಪೈಪು, ಆಮೇಲೆ ಹೊಗೆ ಹೋಗಲು ಕಿಟಕಿ, ಬೆನ್ನು ಬಾಗದಷ್ಟು ಎತ್ತರದ ಕಟ್ಟೆ. ಅವನು ಟೇಪು ಬಿಚ್ಚಿ, "ಅಕ್ಕೋರೆ, ಇಲ್ಲಿ ನಿಂದ್ರಿ" ಎಂದು ನನ್ನ ಮೊಣಕೈವರೆಗೆ ಅಳೆದು ಗೋಡೆಗೆ ಗೆರೆ ಹಾಕಿದ.